ತೊಳೆದ ಅಂಗಿಯ ಆಂಟೆನಾ

ತಂತಿರಹಿತ ಸಂಪರ್ಕದ ಕ್ಷೇತ್ರದಲ್ಲಿ ದುಡಿದವರು ಅನೇಕರಿದ್ದರೂ, ಉಡುವ ಬಟ್ಟೆಯನ್ನೇ ಆಂಟೆನಾ ಮಾಡುವ ಕನಸನ್ನು ನಮ್ಮ ಕರಾವಳಿಯಲ್ಲಿ ಜತನದಿಂದ ಸಾಕಿದವರು ಡಾ. ಸರೋಜಾ ಹಳದೀಪುರ ಅವರು. ಭಟ್ಕಳದಲ್ಲಿ ಎಂಜಿನಿಯರಿಂಗ್ ಕಲಿಸಿ ಈಗ ನಿವೃತ್ತರಾಗುತ್ತಿರುವ ಈ ಗುರುವನ್ನು ಊರಿನವರು ಕರೆಯುವುದು ‘ಅಕ್ಕೋರು’ ಎಂದೇ.

೧೯೯೭ರಲ್ಲಿ ನಾನು ಅವರ ಶಿಷ್ಯನಾದೆ. ಪಾಠದ ನಡುವೆ ಅವರು ಕಿಟಕಿಯಾಚೆ ಗಾಳಿಗೆ ಉಬ್ಬುತ್ತಿದ್ದ ಒಣಹಾಕಿದ ಅಂಗಿಗಳನ್ನು ನೋಡುತ್ತ ಮೈಮರೆಯುತ್ತಿದ್ದರು. ಹಾಸ್ಟೆಲಿನ ಬಟ್ಟೆ ಕಾಯುತ್ತಾರೆಂದು ನಾವು ಕಿಸಕ್ಕೆಂದು ನಗುತ್ತಿದ್ದೆವು. ತರಂಗಗಳ ವಿಷಯದಲ್ಲಿ ನಾನು ನಪಾಸಾದಾಗ ಪ್ರತಿ ಭಾನುವಾರ ಹಳದೀಪುರದ ಮನೆಗೆ ಕರೆಸಿ, ಮುರುಗಲ ಹಣ್ಣಿನ ಪಾನಕ ಕೊಟ್ಟು ಪಾಠ ಹೇಳಿದವರು ಅವರೇ. ಆ ಋಣ ತೀರುವಂಥದ್ದಲ್ಲ.

ಮುಂದೆ ನಾನು ಅವರ ಸಹೋದ್ಯೋಗಿಯಾದೆ. ೨೦೦೩ರ ಮಳೆಗಾಲಕ್ಕೆ ಮೊದಲು ಅಘನಾಶಿನಿ ಊರಿನ ಮೀನುಗಾರರ ಮನೆಯ ನಾಗು ಎಂಬವರ ತಮ್ಮ ಶಿವ ದೋಣಿಯಿಂದ ಬಿದ್ದದ್ದು ಜೊತೆಯವರಿಗೆ ದಡ ಸೇರುವವರೆಗೂ ತಿಳಿಯಲಿಲ್ಲ; ಅವನು ಸಿಗಲೇ ಇಲ್ಲ. ಗಂಡ ಮಾಬ್ಲನನ್ನು ಇನ್ನು ಕಡಲಿಗೆ ಬಿಡುವುದಿಲ್ಲವೆಂದು ನಾಗು ಪಟ್ಟು ಹಿಡಿದರು. ಕಡಲು ಬಿಟ್ಟರೆ ಮಾಬ್ಲನಿಗೆ ಬೇರೆ ಕಸುಬಿಲ್ಲ. ಇದನ್ನು ಕೇಳಿದ ಅಕ್ಕೋರು ದಪ್ಪ ಹತ್ತಿಯ ಅಂಗಿಯ ಹೆಗಲಿಗೆ ತಾಮ್ರ ಲೇಪಿಸಿದ ಬಟ್ಟೆಯ ತುಂಡನ್ನು ಹೊಲಿದರು. ಅದರಿಂದ ಹೊರಡುವ ಸಂಕೇತ ದೋಣಿಯಲ್ಲಿಟ್ಟ ಗ್ರಾಹಕ ಪೆಟ್ಟಿಗೆಗೆ ಸದಾ ಮುಟ್ಟುತ್ತಿರಬೇಕು. ತೊಟ್ಟವನು ನೀರಿಗೆ ಬಿದ್ದು ಸಂಕೇತ ನಿಂತರೆ ಪೆಟ್ಟಿಗೆ ಕೂಗಬೇಕು.

ಪ್ರಯೋಗಾಲಯದಲ್ಲಿ ಎಲ್ಲ ಸರಿಯಿತ್ತು. ದೋಣಿ ಹೊರಡುವ ದಿನ ಮಾತ್ರ, ಮಾಬ್ಲ ದೋಣಿಯಲ್ಲೇ ಒಣ ಮೈಯಲ್ಲಿ ನಿಂತಿದ್ದರೂ, ಪೆಟ್ಟಿಗೆ ಒಂದೇ ಸಮನೆ ಅರಚತೊಡಗಿತು.

“ನಾ ಬದುಕಿದ್ದೇನೆ ಅಂತ ಅದಕ್ಕೆ ಯಾರಾದ್ರೂ ಹೇಳಿ” ಎಂದ ಮಾಬ್ಲ. ಎಲ್ಲರೂ ನಕ್ಕರು, ನಾಗು ನಗಲಿಲ್ಲ.

ಅಕ್ಕೋರು ಅಂಗಿಯನ್ನು ಮುಟ್ಟಿ ನೋಡಿ, “ಇದಕ್ಕೆ ಎಂತ ಮಾಡಿದ್ರಿ ನಾಗು?” ಎಂದು ಕೇಳಿದರು.

“ಹೊಸ ವಸ್ತ್ರ ಅಲ್ವಾ ಅಕ್ಕೋರೆ, ನೀರಿಗೆ ಹಾಕದೇ ಮೈಮೇಲೆ ಹಾಕೂಕಾಗ. ತೊಳ್ದು ಒಣಗ್ಸಿದೆ. ಎಂತ ಆತು?”

ಹತ್ತಿ ಕುಗ್ಗಿತ್ತು, ತಾಮ್ರದ ತುಂಡು ಸುಕ್ಕುಗಟ್ಟಿತ್ತು. ಅಳತೆ ತಪ್ಪಿದ ಆಂಟೆನಾ ಬೇರೆಯೇ ತರಂಗಕ್ಕೆ ಹೊಂದಿಕೊಂಡು, ಸಂಕೇತ ಪೆಟ್ಟಿಗೆಗೆ ಮುಟ್ಟುತ್ತಲೇ ಇರಲಿಲ್ಲ. ನಾನು ನಾಗುವಿನ ಮೇಲೆ ಸಿಡುಕಿದೆ. ಅಕ್ಕೋರು, “ಅವರ ಮನೆಯ ಪದ್ಧತಿ ನಮ್ಮ ಲೆಕ್ಕದಲ್ಲಿ ಇರಲಿಲ್ಲ, ವಿನೋದ” ಎಂದಷ್ಟೇ ನನಗೆ ಹೇಳಿ, ಮಾಬ್ಲನನ್ನು ಆ ವಾರ ದಡದಲ್ಲೇ ಉಳಿಸಿಕೊಂಡರು. ಹೊಸ ಬಟ್ಟೆಯನ್ನು ಮೊದಲು ಮತ್ತೆ ಮತ್ತೆ ಒಗೆದು, ಕುಗ್ಗುವಷ್ಟು ಕುಗ್ಗಿದ ಮೇಲೆ ತಾಮ್ರ ಹೊಲಿದರು. ಅಂದಿನಿಂದ ನಮ್ಮ ಪ್ರಯೋಗಾಲಯದಲ್ಲಿ ಅಗಸನ ಕೆಲಸವೇ ಮೊದಲ ಪಾಠವಾಯಿತು.

ಮರುವರ್ಷ ಒಂದು ಮುಂಜಾನೆ ನದಿ ಕಡಲು ಸೇರುವ ಅಳಿವೆಯ ಆಚೆ, ಮಂಜಿನಲ್ಲಿ, ಪೆಟ್ಟಿಗೆ ಕೂಗಿತು. ಚುಕ್ಕಾಣಿ ಹಿಡಿದಿದ್ದ ಬೊಮ್ಮಯ್ಯ ತಿರುಗಿ ನೋಡಿದರೆ ಮಾಬ್ಲ ಕುಳಿತಿದ್ದ ಜಾಗ ಖಾಲಿ. ಆತ ದೋಣಿ ತಿರುಗಿಸಿದ.

ಮಾಬ್ಲ ನೀರಿಗೆ ಬಿದ್ದನೆಂಬ ಸುದ್ದಿ ಅರ್ಧಂಬರ್ಧವಾಗಿ ಭಟ್ಕಳ ಮುಟ್ಟಿತು. ಅಕ್ಕೋರು ಆ ದಿನ ಪಾಠ ಮಾಡಲಾರದೆ ಫೋನಿನ ಪಕ್ಕವೇ ಕುಳಿತಿದ್ದರು. ಮಧ್ಯಾಹ್ನ ನಾಗು ಫೋನು ಮಾಡಿದರು. “ಅಕ್ಕೋರೆ, ಅವ್ರು ಮನೇಲಿ ಗಂಜಿ ಉಣ್ತಾ ಕೂತಾರೆ.”

ಅಕ್ಕೋರು ಫೋನಿಟ್ಟು ಅತ್ತದ್ದನ್ನು ನಾನು ನೋಡಿದ್ದೇನೆ. ಇನ್ನೂ ಎಷ್ಟೋ ಮನೆಗಳಲ್ಲಿ ಗಂಜಿ ಬಡಿಸಿಟ್ಟು ಕಾಯುವವರಿದ್ದಾರೆ. ಅವರಿಗೆಲ್ಲ ಇಂಥದೊಂದು ಅಂಗಿ ಹೊಲಿದುಕೊಡುವಷ್ಟು ಆಯುಸ್ಸು, ಕಣ್ಣಬೆಳಕು, ಕೈಯ ಕಸುವು ನಮ್ಮ ಅಕ್ಕೋರಿಗೆ ಇರಲಿ.