ಸೆಕೆಂಡಕ್ಕ

ರೋಗಿಗಳಿಗೆ ಆಸ್ಪತ್ರೆಯ ಟೋಕನ್ ಕೊಡುವ ವೆಬ್‌ಸೈಟಿನ ಕಚೇರಿಯಲ್ಲಿ ಆಕೆಯ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತು. ಉಳಿದವರೆಲ್ಲರ ಬಾಯಲ್ಲಿ ಆಕೆ ಸೆಕೆಂಡಕ್ಕ. ಮಾಹಿತಿ ಕೇಳಿ ಡೇಟಾಬೇಸಿಗೆ ಹೋದ ಪ್ರತಿ ಕ್ವೆರಿಗೂ ಉತ್ತರ ಎಷ್ಟು ಹೊತ್ತಿಗೆ ಬಂತೆಂದು ನೋಡುವುದೇ ಆಕೆಯ ಕೆಲಸ. ಒಂದು ಸೆಕೆಂಡಿನೊಳಗೆ ಬಂದರೆ ಪರದೆಯ ಮೇಲೆ ಹಸಿರು, ದಾಟಿದರೆ ಕೆಂಪು. ಕೆಂಪು ಕಂಡಿತೆಂದರೆ ಆ ಕ್ವೆರಿ ಬರೆದವನ ಕುರ್ಚಿಯ ಹಿಂದೆ ಆಕೆ ನಿಂತಾಯಿತು. "ಇಂಡೆಕ್ಸ್ ಹಾಕ್ದೆ ಇಡೀ ಟೇಬಲ್ ಜಾಲಾಡ್ಸಿದೀರಲ್ರೀ, ಒಂದು ಚಪ್ಪಲಿ ಕಳೆದಿದ್ದಕ್ಕೆ ಊರ ಮನೆ ಬಾಗಿಲೆಲ್ಲ ಬಡಿದಂಗಾಯ್ತು." "ಮೂರೇ ಸೆಕೆಂಡ್ ಅಲ್ವಾ ಅಕ್ಕ" ಎಂದವನ ಗ್ರಹಚಾರ ಕೆಟ್ಟಿತೆಂದೇ ಅರ್ಥ: ಕೈಗಡಿಯಾರ ನೋಡಿಕೊಂಡು ಮೂರು ಸೆಕೆಂಡು ಅವನೆದುರು ತುಟಿ ಬಿಚ್ಚದೆ ನಿಲ್ಲುತ್ತಾಳೆ, ಅಷ್ಟರಲ್ಲೇ ಅವನು ಬೆವರುತ್ತಾನೆ. "ಗೊತ್ತಾಯ್ತಾ? ಹೊಟ್ಟೆನೋವು ಹಿಡ್ಕೊಂಡು ಆ ಕಡೆ ಯಾರೋ ಕಾಯ್ತಿರ್ತಾರೆ." ಲಿಫ್ಟಿಗೆ ಕಾಯದೆ ಐದು ಮಹಡಿ ಹತ್ತುತ್ತಾಳೆ, ಚಹಾ ಆರುವ ಮೊದಲೇ ಕುಡಿದು ನಾಲಿಗೆ ಸುಟ್ಟುಕೊಳ್ಳುತ್ತಾಳೆ, ಮ್ಯಾನೇಜರ್ ಮಾತು ಎಳೆದರೆ ಅವರ ವಾಕ್ಯವನ್ನು ತಾನೇ ಮುಗಿಸಿಕೊಟ್ಟು ಎದ್ದು ಹೋಗುತ್ತಾಳೆ. ಅಂಥವಳಿಗೆ ಶಾಲೆ ಬಿಟ್ಟೊಡನೆ ಮಗಳ ಫೋನು ಬರುತ್ತದೆ. ಮಗಳಿಗೆ ಉಗ್ಗು, ಕೆಲವು ಮಾತು ಮೊದಲಕ್ಷರದಲ್ಲೇ ನಿಂತುಬಿಡುತ್ತವೆ. ಸೆಕೆಂಡಕ್ಕ ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಬೋರಲು ಹಾಕಿ, ಫೋನನ್ನು ಕಿವಿಗೊತ್ತಿಕೊಂಡು ಕೂರುತ್ತಾಳೆ. ಮಗಳು ಹೇಳಹೊರಟಿದ್ದು ಏನೆಂದು ತಿಳಿದಿದ್ದರೂ ಬಾಯಿ ಹಾಕುವುದಿಲ್ಲ. ಒಮ್ಮೆ ಪಕ್ಕದ ಮೇಜಿನವನು, "ಅಕ್ಕ, ಲೈನ್ ಕಟ್ಟಾಗಿರ್ಬೇಕು" ಎಂದ. ಆಕೆ ಫೋನಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಹೇಳಿದಳು: "ಇಲ್ಲ ಕಣೋ, ಮಾತು ಹುಡುಕ್ತಿದಾಳೆ. ಸಿಗುತ್ತೆ."