ಉಡಕ್ಕೆ ಕಟ್ಟಿದ ಹಗ್ಗ

ಲತಾಮಣಿ ಜಾವಗಲ್ ಕಡೆಯವಳು. ಕೆಂಪು ನೆಲ, ತೆಂಗಿನ ತೋಟ, ಬಿಸಿಲಿಗೆ ಕಾದ ಬಂಡೆಗಳ ನಡುವೆ ಬೆಳೆದವಳು. ಅಲ್ಲಿ ಯಾವ ಬಂಡೆ ನೋಡಿದರೂ ಅದರ ನೆತ್ತಿಯ ಮೇಲೊಂದು ಓತಿಕ್ಯಾತ ಕೂತು ತಲೆ ಆಡಿಸುತ್ತಿರುತ್ತದೆ. ಕಲ್ಲು ಬಿದ್ದರೆ ಓಡುತ್ತದೆ, ಮತ್ತೆ ಬಂದು ಅಲ್ಲೇ ಕೂರುತ್ತದೆ. ಓತಿಕ್ಯಾತ, ಹಾವುರಾಣಿ, ಮಣ್ಣುಮುಕ್ಕ ಹಾವು, ಇವೆಲ್ಲ ಒಣ ಮೈಯ ಪ್ರಾಣಿಗಳು. ಇವಕ್ಕೆ ಅವಳೆಂದೂ ಅಂಜಿದವಳಲ್ಲ. ಅವಳ ಅಂಜಿಕೆಯೆಲ್ಲ ಒದ್ದೆ ಮೈಯವುಗಳ ಮೇಲೆ. ಕಪ್ಪೆ ಎಂದರೆ ಸಾಕು, ಅಂಗೈ ಬೆವರುತ್ತಿತ್ತು.

ಅಂಥವಳಿಗೆ ಕೃಷಿ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಹಾಕಿದ್ದು ಅರೇಹಳ್ಳಿಗೆ, ಮಳೆಯ ಸೀಮೆಗೆ. ಅಪ್ಪ ಹೋದ ಮೇಲೆ ತೆಂಗಿನ ನಾರಿನ ಹಗ್ಗ ಹೊಸೆದೇ ಮಗಳನ್ನು ಓದಿಸಿದ ಅವ್ವ ಮುದ್ದಮ್ಮ, ಗೋಡೆಯ ಮೇಲಿನ ಬುದ್ಧನ ಫೋಟೋದ ಮುಂದೆ ದೀಪ ಹಚ್ಚಿ, “ಯಾವೂರಾದ್ರೆ ಏನೇ? ಜನ ಇರೋ ಊರು ತಾನೆ. ಓಗಿ ಬಾ” ಎಂದಳು.

ಹಳೇಬೀಡು ದಾಟಿ ಬೇಲೂರಿನ ತನಕ ಅವಳಿಗೆ ಪರಿಚಯದ ನೆಲವೇ. ಬೇಲೂರು ಬಿಟ್ಟು ಬಸ್ಸು ಪಡುವಣಕ್ಕೆ ತಿರುಗಿದ ಮೇಲೆ ಕಿಟಕಿಯಿಂದ ಬರುವ ಗಾಳಿಯೇ ಬೇರೆಯಾಯಿತು. ರಸ್ತೆಯ ಪಕ್ಕದ ಗೋಡೆಗಳೆಲ್ಲ ಹಸಿರು ಪಾಚಿ. ಇನ್ನು ಇದರಲ್ಲಿ ಬದುಕಬೇಕಲ್ಲ ಎಂದುಕೊಂಡಳು.

ಮೊದಲ ಕಷ್ಟ ಎದುರಾದದ್ದು ಕಪ್ಪೆಯಿಂದಲ್ಲ, ಮನುಷ್ಯರಿಂದ. ಬಾಡಿಗೆಮನೆ ಕೇಳಿದ ಕಡೆಯೆಲ್ಲ ಊರು ಕೇಳುವರು, ಅಪ್ಪನ ಹೆಸರು ಕೇಳುವರು, ಆಮೇಲೆ ನಗುತ್ತಲೇ “ಯಾವ ಜನ?” ಎನ್ನುವರು. ಉತ್ತರ ಕೇಳಿದ ಮೇಲೆ ಆ ಮನೆ ನಿನ್ನೆ ತಾನೇ ಬೇರೆಯವರಿಗೆ ಕೊಟ್ಟಾಗಿರುತ್ತಿತ್ತು. ಕೊನೆಗೆ ಚೆಲುವಾಂಬ ಎಂಬ ನಿವೃತ್ತ ಟೀಚರೊಬ್ಬರ ಮನೆಗೆ ಹೋದಳು. ಅವರು ಬೇಲೂರಿನ ಕಡೆ ದೇವಸ್ಥಾನದ ಸೇವೆಯ ಮನೆತನದವರು. ಇಲ್ಲಿಯೂ ಅದೇ ಪಾಠ ಎಂದು ಲತಾಮಣಿ ಬಾಗಿಲಲ್ಲೇ ನಿಂತು, ಕೇಳುವ ಮೊದಲೇ ಹೇಳಿಬಿಟ್ಟಳು: “ನಾವು ಬೌದ್ಧರು, ಮೇಡಂ. ಜಾವಗಲ್ ಕಡೆಯೋರು.”

ಚೆಲುವಾಂಬ ಕನ್ನಡಕ ಏರಿಸಿ ನೋಡಿದರು. “ಅದಿರಲಿ. ಕಪ್ಪೆ ಅಂದ್ರೆ ನಿಮಗೆ ಭಯ ಇಲ್ವಲ್ಲ? ಹಿಂದೆ ಇದ್ದೋಳು ಕಪ್ಪೆ ಅಂತ ಮನೆ ಬಿಟ್ಟು ಹೋದ್ಲು.”

“ಇಲ್ಲ” ಎಂದು ಲತಾಮಣಿ ಸುಳ್ಳು ಹೇಳಿದಳು. ಮನೆ ಸಿಕ್ಕಿತು.

ಬಚ್ಚಲಮನೆಯ ಗೋಡೆಯಲ್ಲಿ ಒಂದು ಮರಗಪ್ಪೆ ಅಂಟಿಕೊಂಡಿತ್ತು. ಕಾಲು ಮಡಚಿ, ಕಣ್ಣು ಅರ್ಧ ಮುಚ್ಚಿ, ಯಾರೋ ಗೋಡೆಗೆ ಮೆತ್ತಿದ ಮಣ್ಣಿನ ಮುದ್ದೆಯಂತೆ. ಮೊದಲ ವಾರ ಅವಳು ಅದಕ್ಕೆ ಬೆನ್ನು ಮಾಡದೆ ಸ್ನಾನ ಮಾಡಿದಳು. ಒಮ್ಮೆ ತಡೆಯಲಾರದೆ ಚೆಲುವಾಂಬರನ್ನು ಕೂಗಿದಾಗ ಅವರು ಬಂದು ನೋಡಿ, “ಅದು ಹಳೇ ಬಾಡಿಗೆದಾರ ಕಣಮ್ಮ. ನೀವು ಹೊಸಬ್ರು, ನೀವೇ ಹೊಂದ್ಕೋಬೇಕು” ಎಂದು ಹೊರಟುಹೋದರು. ಲತಾಮಣಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆದರೂ ಜಾತಿ ಕೆದಕದೆ ಸಿಕ್ಕಿದ ಮನೆ ಇದೊಂದೇ ಎಂಬುದನ್ನು ಅವಳು ಮರೆಯಲಿಲ್ಲ.

ಅವಳ ಕೆಲಸದಲ್ಲಿ ಕೃಷಿಹೊಂಡಗಳನ್ನು ನೋಡಿಬರುವುದೂ ಸೇರಿತ್ತು. ಮಳೆನೀರು ಹಿಡಿಯಲು ನೆಲ ಅಗೆದು, ಇಳಿಜಾರಿನ ಬದಿಗಳಿಗೆ ದಪ್ಪ ಕಪ್ಪು ಪ್ಲಾಸ್ಟಿಕ್ ಹಾಳೆ ಹೊದಿಸಿದ ಗುಂಡಿಗಳು. ನೀರು ಇಂಗುವುದಿಲ್ಲ, ಬೇಸಿಗೆಯಲ್ಲಿ ಕಾಫಿ ಗಿಡಗಳಿಗೆ ಆಗುತ್ತದೆ. ಆದರೆ ಒಂದು ಮಳೆಗಾಲ ಕಳೆದರೆ ಆ ಹಾಳೆಯ ಮೇಲೆ ಪಾಚಿ ಕಟ್ಟುತ್ತದೆ. ಆಮೇಲೆ ಅದರೊಳಗೆ ಬಿದ್ದದ್ದು ಮೇಲೆ ಬರುವುದು ಕಷ್ಟ.

ಅವಳು ಬಂದ ಎರಡನೆಯ ಮಳೆಗಾಲ ಮುಗಿಯುತ್ತಿತ್ತು. ಕರಿಬಸವಯ್ಯನವರ ತೋಟದ ಹೊಂಡದ ಫೋಟೋ ತೆಗೆಯಬೇಕಿತ್ತು. ಮಧ್ಯಾಹ್ನ, ತೋಟದಲ್ಲಿ ಯಾರೂ ಕಾಣಲಿಲ್ಲ. ನೀರೆಲ್ಲ ಚೌಕಟ್ಟಿನಲ್ಲಿ ಬರಲೆಂದು ಅವಳು ಅಂಚಿಗೆ ಒಂದು ಹೆಜ್ಜೆ ಇಟ್ಟಳು. ಚಪ್ಪಲಿ ಜಾರಿತು.

ಈಜು ಬರದು. ನೀರು ಕಿವಿಗೆ, ಮೂಗಿಗೆ ನುಗ್ಗಿತು. ಕಾಲಿಗೆ ತಳ ಸಿಗಲಿಲ್ಲ. ಬದಿಗೆ ಕೈಚಾಚಿದರೆ ಎಣ್ಣೆ ಸವರಿದ ಹಾಗೆ ಹಾಳೆ ಜಾರುತ್ತಿತ್ತು. ಉಗುರು ಊರಿದಳು, ಉಗುರೇ ಮುರಿಯಿತು. ಕೂಗಲು ಬಾಯಿ ತೆರೆದರೆ ನೀರು. ಅವ್ವನ ಮುಖ ಕಣ್ಣಮುಂದೆ ಬಂತು. ‘ಅಯ್ಯೋ, ಅವಳಿಗೆ ಈ ಸುದ್ದಿಯನ್ನು ಯಾರು ಹೇಳ್ತಾರೆ’ ಎಂಬುದೊಂದೇ ಯೋಚನೆ. ಹಾಗೆ ಒದ್ದಾಡುತ್ತಲೇ ಮೂಲೆಯ ಕಡೆಗೆ ಸರಿದಾಗ ಕೈಗೆ ಏನೋ ಒರಟಾದದ್ದು ತಾಗಿತು.

ಹಗ್ಗ. ತೆಂಗಿನ ನಾರಿನ ಹಗ್ಗ. ಆ ಒರಟು ಅವಳ ಅಂಗೈಗೆ ಹುಟ್ಟಿನಿಂದ ಗೊತ್ತು. ಅಲ್ಲಲ್ಲಿ ಗಂಟು ಹಾಕಿ, ಬಲೆಯಂತೆ ಹೆಣೆದು, ಮೇಲಿನಿಂದ ನೀರಿನ ತಳದವರೆಗೆ ಇಳಿಬಿಟ್ಟಿದ್ದರು. ಎರಡೂ ಕೈಯಲ್ಲಿ ಉಡದ ಪಟ್ಟು ಹಿಡಿದಳು. ಉಸಿರು ಬಂದ ಮೇಲೆ ಒಂದು ಗಂಟು, ಇನ್ನೊಂದು ಗಂಟು, ಮಂಡಿ ಊರಿ ಊರಿ ಹತ್ತತೊಡಗಿದಳು.

ಅರ್ಧ ಹತ್ತಿದ್ದಾಗ ಮುಖದೆದುರೇ ಹಗ್ಗದ ಮೇಲೆ ಅಂಗೈಯಗಲದ ನೆಲಗಪ್ಪೆಯೊಂದು ಕೂತಿತ್ತು. ಅದೂ ಹತ್ತುತ್ತಾ ದಣಿದು ನಿಂತಿತ್ತೋ ಏನೋ, ಗಂಟಲು ಪಟಪಟ ಬಡಿದುಕೊಳ್ಳುತ್ತಿತ್ತು. ಅವಳ ಎದೆಯೂ ಹಾಗೆಯೇ ಬಡಿಯುತ್ತಿತ್ತು. ಅವಳಿಗೆ ಹೆದರಲು ಪುರುಸೊತ್ತಿರಲಿಲ್ಲ. ಅದರ ಪಕ್ಕದಲ್ಲೇ ಕೈ ಇಟ್ಟು ದಾಟಿ, ಮೇಲೆ ಬಂದು, ಹುಲ್ಲಿನ ಮೇಲೆ ಬೋರಲಾಗಿ ಬಿದ್ದಳು.

ಕಣ್ಣು ಬಿಟ್ಟಾಗ ತೋಟದ ಆಳು ಸಣ್ಣಯ್ಯ ಓಡಿಬರುತ್ತಿದ್ದ. ಐವತ್ತು ದಾಟಿದ ಸಣಕಲು ಆಳು. ಗೋಣಿಚೀಲ ಹೊದಿಸಿದ, ಆಳುಗಳು ಇರುವ ಲೈನ್ ಮನೆಗೆ ಕರೆದುಕೊಂಡು ಹೋಗಿ ಒಲೆಯ ಮುಂದೆ ಕೂರಿಸಿದ, ಬೆಲ್ಲದ ಕಾಫಿ ಕೊಟ್ಟ. ಹಲ್ಲು ಕಟಕಟಿಸುವುದು ನಿಂತ ಮೇಲೆ ಅವಳು ಕೇಳಿದಳು: “ಆ ಹಗ್ಗ ಕಟ್ಟಿದ್ದು ಯಾರಣ್ಣ?”

“ನಾನೇ ಕಣವ್ವ.”

“ನೀವು ಕಟ್ಟದೆ ಇದ್ದಿದ್ರೆ ನಾನು ಇವತ್ತು...” ಕೈ ಮುಗಿದಳು.

ಸಣ್ಣಯ್ಯ ಮುಜುಗರದಿಂದ ತಲೆ ಕೆರೆದುಕೊಂಡ. “ನಿಮಗೆ ಅಂತ ಕಟ್ಟಿದ್ದಲ್ಲ ಮೇಡಮ್ಮೋರೆ. ಸುಳ್ಯಾಕೆ? ಉಡಕ್ಕೆ ಕಟ್ಟಿದ್ದು. ಹೋದ್ ಬ್ಯಾಸ್ಗೇಲಿ ಒಂದು ದೊಡ್ಡ ಉಡ ನೀರು ಕುಡಿಯಾಕೆ ಇಳಿದು ಹತ್ತಕ್ಕಾಗ್ದೆ ಸತ್ತೋಯ್ತು. ಕೊಳ್ತು ನಾರ್ತಾ ಇತ್ತು. ಎಳ್ದು ಹಾಕೋನು ನಾನೇ ಅಲ್ವಾ? ಆವಾಗ ಕಟ್ದೆ. ಆಮ್ಯಾಕೆ ನೋಡಿದ್ರೆ ಕಪ್ಪೆ, ಆಮೆ, ಕೇರೆಹಾವು, ಎಲ್ಲವೂ ಅದ್ರಾಗೇ ಹತ್ಕೊಂಡು ಹೋಗ್ತಾವೆ.”

ಲತಾಮಣಿ ಆ ದಿನ ಮೊದಲ ಸಲ ನಕ್ಕಳು. ನಕ್ಕು ಅತ್ತಳು. ನಿಮಗೆ ಏನು ಮಾಡಲಿ ಎಂದು ಎಷ್ಟು ಕೇಳಿದರೂ ಸಣ್ಣಯ್ಯ ಏನೂ ಬೇಡವೆಂದ. ಅವಳು ಹೊರಡುವಾಗ ಮಾತ್ರ, “ಹಗ್ಗ ನೀರಲ್ಲಿ ನೆಂದು ನೆಂದು ಮೆತ್ತಗಾಗೈತೆ. ಎಲ್ಲಾರ ಗಟ್ಟಿ ಹಗ್ಗ ಸಿಕ್ರೆ ನೋಡಿ” ಎಂದ.

ಆ ಶನಿವಾರ ಅವಳು ಊರಿಗೆ ಹೋದಳು. ನಡೆದದ್ದನ್ನೆಲ್ಲ ಹೇಳುವಷ್ಟರಲ್ಲಿ ಮುದ್ದಮ್ಮನ ಕೈಯಲ್ಲಿದ್ದ ನಾರು ಕೆಳಗೆ ಬಿದ್ದಿತ್ತು. ಅವಳು ಮಗಳ ಮುರಿದ ಉಗುರುಗಳನ್ನು ಒಂದೊಂದಾಗಿ ಸವರಿ ನೋಡಿದಳು. ಆಮೇಲೆ ಎದ್ದು ಒಳಗಿನಿಂದ ಒಳ್ಳೆಯ ನಾರನ್ನೆಲ್ಲ ಆರಿಸಿ ತಂದು ಜಗುಲಿಯ ಮೇಲೆ ಸುರಿದು, “ಎಷ್ಟು ದಪ್ಪ ಬೇಕಂತೆ ಆ ಪುಣ್ಯಾತ್ಮಂಗೆ?” ಎಂದಳು.

ಭಾನುವಾರ ಸಂಜೆ ಮಗಳು ಬಸ್ಸು ಹತ್ತುವಾಗ ಜೊತೆಯಲ್ಲಿ ಹೆಬ್ಬಾವು ಸುತ್ತಿಕೊಂಡಂಥ ಹಗ್ಗದ ಸಿಂಬೆ. ಕಂಡಕ್ಟರ್ “ಇದೇನ್ರೀ ಮೇಡಂ, ಆನೆ ಕಟ್ತೀರಾ?” ಎಂದ. “ಇಲ್ಲ, ಕಪ್ಪೆಗೆ” ಎಂದಳು. ಅವನು ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಅವಳ ಮುಖವನ್ನೊಮ್ಮೆ ನೋಡಿದ.

ಒಂದು ಹೊಂಡಕ್ಕೆ ಕಟ್ಟಿದ ಮೇಲೆ ಉಳಿದವು ಕಣ್ಣಿಗೆ ಚುಚ್ಚತೊಡಗಿದವು. ಪ್ರತಿ ಹೊಂಡದ ಬಳಿ ನಿಂತಾಗಲೂ ಕಿವಿಗೆ ನೀರು ನುಗ್ಗಿದ ಸದ್ದು ನೆನಪಾಗುತ್ತಿತ್ತು. ತೋಟದಿಂದ ತೋಟಕ್ಕೆ ಹೋಗಿ ಹೇಳಿದಳು. ಬಹಳ ಜನ ನಕ್ಕರು. ಹಾಳೆ ಹರಿದುಹೋಗುತ್ತದೆ ಎಂದರು ಕೆಲವರು. ಅದಕ್ಕೆ ಸಣ್ಣಯ್ಯ, ಹಗ್ಗವನ್ನು ಹಾಳೆಗೆ ಸಿಕ್ಕಿಸದೆ ಆಚೆ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರದ ಬುಡಕ್ಕೆ ಬಿಗಿದು ತೋರಿಸಿದ. ಕರಿಬಸವಯ್ಯನವರಿಗೇ ಬೇರೆ ಅನುಮಾನ ಇತ್ತು.

“ಅಲ್ಲಮ್ಮ, ಕಪ್ಪೆ ಸರಿ. ಹಾವು ಬಿದ್ರೆ ಅದೂ ಮೇಲೆ ಬರ್ತದಲ್ಲ?”

“ಬರ್ಲಿ ಬಿಡಿ ಸಾರ್. ಬಂದ್ರೆ ತನ್ನ ಪಾಡಿಗೆ ಹೋಗುತ್ತೆ. ಬರದೆ ಇದ್ರೆ ನಿಮ್ಮ ನೀರಲ್ಲೇ ಕೊಳೆಯುತ್ತೆ.”

ಅವರು ಯೋಚಿಸಿ, “ಅದೂ ನಿಜ” ಎಂದರು. ಮುಂದಿನ ವಾರ ತಮ್ಮ ತಮ್ಮನ ತೋಟದ ಹೊಂಡಕ್ಕೂ ಒಂದು ಬೇಕೆಂದು ಅವರೇ ಫೋನ್ ಮಾಡಿದರು.

ಹೀಗೆ ಊರಲ್ಲಿ ಅವಳಿಗೆ ‘ಕಪ್ಪೆ ಮೇಡಂ’ ಎಂಬ ಹೆಸರು ಬಿತ್ತು. ಬೇಸರವಾಗಲಿಲ್ಲ. ಜಾತಿ ಹಿಡಿದು ಬೇರೆ ಬೇರೆ ಹೆಸರುಗಳಿಂದ ಕರೆಸಿಕೊಂಡ ಮನೆತನ ಅವಳದು; ಇದರಲ್ಲಿ ಪ್ರೀತಿ ಇತ್ತು.

ಹಗ್ಗ ನೋಡಲು ಹೋಗುತ್ತಾ ಹೋಗುತ್ತಾ ಅವಳ ಕಣ್ಣು ಆ ಒದ್ದೆ ಸೀಮೆಗೆ ಪಳಗಿತು. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಸೋಪಿನ ನೊರೆಯಂಥ ಬಿಳಿ ಉಂಡೆ ಕಂಡರೆ ಅದು ಹಸಿರು ಮರಗಪ್ಪೆಯ ಗೂಡೆಂದೂ, ಮಳೆ ಬಿದ್ದಾಗ ಗೊದಮೊಟ್ಟೆಗಳು ಅದರಿಂದ ತೊಟ್ಟಿಕ್ಕಿ ನೀರು ಸೇರುತ್ತವೆಂದೂ ತಿಳಿಯಿತು. ತೊಗಟೆಯ ಬಣ್ಣದ ಓತಿಯೊಂದು ಸಿಲ್ವರ್ ಮರದಿಂದ ಪಕ್ಕೆಯ ಚರ್ಮ ಬಿಚ್ಚಿ ಇನ್ನೊಂದು ಮರಕ್ಕೆ ತೇಲಿಹೋದ ದಿನ ಅವಳು ಸುತ್ತ ಯಾರೂ ಇಲ್ಲದಿದ್ದರೂ ಜೋರಾಗಿ “ಅಬ್ಬಾ!” ಎಂದಳು. ಕಾಫಿಗಿಡದ ಮೇಲೆ ಎಲೆಯಾಗಿ ಕೂತಿರುವ ಹಸಿರು ಮಂಡಲದ ಹಾವನ್ನು ಕಂಡರೆ ಹಿಂದೆ ಸರಿದು, ಹಣ್ಣು ಕೊಯ್ಯುವ ಹೆಂಗಸರಿಗೆ ಹೇಳಿ, ಆ ಸಾಲಿಗೆ ಅವರು ಹೋಗದಂತೆ ನೋಡಿಕೊಳ್ಳುತ್ತಿದ್ದಳು. ಬಚ್ಚಲ ಗೋಡೆಯ ಕಪ್ಪೆಗೆ ಬೆನ್ನು ಮಾಡಿ ಸ್ನಾನ ಮಾಡುವುದು ಯಾವತ್ತು ಶುರುವಾಯಿತೋ ಅವಳಿಗೇ ನೆನಪಿಲ್ಲ.

ಮುದ್ದಮ್ಮನಿಗೆ ಒಂದೇ ಆಸೆ: ಸಣ್ಣಯ್ಯ ಒಂದು ಹೊತ್ತು ತನ್ನ ಮನೆಯಲ್ಲಿ ಉಣ್ಣಬೇಕು. ಅವನು ಇವತ್ತು ನಾಳೆ ಎನ್ನುತ್ತಲೇ ಇದ್ದ. ಈ ವರ್ಷ ಬೇಸಿಗೆಯಲ್ಲಿ ಅವರ ಊರ ಕಡೆಯ ಮಾಲೇಕಲ್ಲು ಬೆಟ್ಟದ ವೆಂಕಟರಮಣನಿಗೆ ಅವನದೊಂದು ಹರಕೆ ಇತ್ತು. ಬೆಟ್ಟ ಹತ್ತಿಳಿದು, ನೇರ ಜಾವಗಲ್ ಬಸ್ಸು ಹಿಡಿದು ಬಂದ. ಲತಾಮಣಿ ರಜೆ ಹಾಕಿ ಮನೆಯಲ್ಲಿದ್ದಳು.

ಮುದ್ದಮ್ಮ ಕಾಲಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು. ಏನೇನೋ ಹೇಳಬೇಕೆಂದು ಇಷ್ಟು ದಿನ ಕೂಡಿಟ್ಟಿದ್ದ ಮಾತೆಲ್ಲ ಹಾಗೇ ಉಳಿಯಿತು. ರಾಗಿಮುದ್ದೆ, ಕೋಳಿಸಾರು ಬಡಿಸಿ ಎದುರು ಕೂತು, “ಉಣ್ಣಪ್ಪಾ” ಎಂದಳು. ಇನ್ನೊಂದು ಮುದ್ದೆ ಇಕ್ಕಿ ಮತ್ತೆ “ಉಣ್ಣಪ್ಪಾ” ಎಂದಳು. ಸಣ್ಣಯ್ಯ ಬೇಡವೆನ್ನದೆ ಉಂಡ. ಅವನಿಗೂ ಅರ್ಥವಾಗಿತ್ತು.

ಊಟವಾದ ಮೇಲೆ ಜಗುಲಿಯಲ್ಲಿ ಕೂತು ಬೋಳು ಗುಡ್ಡದತ್ತ ನೋಡುತ್ತಾ ಕೇಳಿದ: “ನಿಮ್ಮ ಸೀಮೇಲಿ ಬರೀ ಕಲ್ಲೇ ಅಲ್ವಾ ತಾಯಿ? ಒಂದು ಕಪ್ಪೆನಾದ್ರೂ ಐತಾ?”

“ಮಳೆ ಬಂದ್ರೆ ಕೂಗ್ತಾವೆ. ಎಲ್ಲಿರ್ತಾವೋ ನಾನೇನು ನೋಡೀನಪ್ಪಾ. ಇವಳ್ನ ಕೇಳು” ಎಂದಳು ಮುದ್ದಮ್ಮ.

ಹುಟ್ಟಿದೂರಿನಲ್ಲಿ ಲತಾಮಣಿ ಅಂಜಿಕೆಯಿಂದ ಕಪ್ಪೆ ಇರುವ ಕಡೆ ಕಣ್ಣು ಹಾಯಿಸಿದವಳೇ ಅಲ್ಲ.

ಮಧ್ಯಾಹ್ನವೆಲ್ಲ ಕುದಿಸಿದ್ದ ಬಿಸಿಲು ಸಂಜೆಗೆ ಮೋಡವಾಯಿತು. ಗುಡುಗಿ, ಧೂಳೆಬ್ಬಿಸಿ, ದಪ್ಪ ಹನಿಯ ಮಳೆ ಬಿತ್ತು. ಮಳೆಯ ಬಿರುಸು ನಿಂತಾಗ ಮನೆಯ ಹಿಂದಿನ ತಗ್ಗಿನಲ್ಲಿ ಕೆಂಪು ನೀರು ಮಡುಗಟ್ಟಿತ್ತು. ಸ್ವಲ್ಪ ಹೊತ್ತಿಗೆ ಆ ತಗ್ಗಿನಿಂದ ಒಂದು ಕಪ್ಪೆ ಕೂಗಿತು. ಇನ್ನೊಂದು ಸೇರಿತು. ನೋಡನೋಡುತ್ತಾ ಹೊಲವೆಲ್ಲ ಎದ್ದು ಕೂಗುತ್ತಿದೆಯೇನೋ ಎನ್ನುವಷ್ಟು ಗದ್ದಲ.

“ಇವೆಲ್ಲಿದ್ವೇ ಇಷ್ಟು ದಿನ?” ಎಂದಳು ಮುದ್ದಮ್ಮ.

“ಮಣ್ಣೊಳಗೆ ಇದ್ವು ಕಣವ್ವ. ಮಳೆ ಬರ್ಲಿ ಅಂತ ಕಾಯ್ತಾ ಮಲಗಿದ್ವು” ಎಂದಳು ಲತಾಮಣಿ.

ಮೂವರೂ ಸೆರಗು, ಟವೆಲ್ಲು ತಲೆಗೆ ಹಾಕಿಕೊಂಡು ತಗ್ಗಿನ ಅಂಚಿಗೆ ಹೋಗಿ ನಿಂತರು. ನೀರಿನಲ್ಲಿ ಗುಂಡಗಿನ ಸಣ್ಣ ಕಪ್ಪೆಗಳು ಗಂಟಲು ಉಬ್ಬಿಸಿ ತೇಲುತ್ತಿದ್ದವು. ಅರೇಹಳ್ಳಿಯಲ್ಲಿ ಇಂಥವನ್ನು ಕಂಡೇ ಇಲ್ಲವೆಂದು ಸಣ್ಣಯ್ಯ ಬೆರಗಾಗಿ ಕುಕ್ಕುರುಗಾಲಲ್ಲಿ ಕೂತ. ಲತಾಮಣಿ, ಕಾಲ ಕೆಳಗಿನ ಒಣ ನೆಲ ಇಷ್ಟು ಜೀವವನ್ನು ಹೊಟ್ಟೆಯಲ್ಲಿಟ್ಟುಕೊಂಡು ತನ್ನನ್ನೂ ಸಾಕಿತ್ತಲ್ಲ ಎಂದು ಬರಿಗಾಲನ್ನು ಕೆಸರಿನಲ್ಲಿ ಊರಿ ನಿಂತಳು.

ಮರುದಿನ ಬೆಳಗ್ಗೆ ಸಣ್ಣಯ್ಯನ ಚೀಲಕ್ಕೆ ಮುದ್ದಮ್ಮ ಹಿಡಿಸುವಷ್ಟು ತೆಂಗಿನಕಾಯಿ ತುಂಬಿದಳು. ಬಸ್‌ಸ್ಟ್ಯಾಂಡಿನ ತನಕ ತಾನೇ ನಡೆದು ಬಂದಳು. ಬಸ್ಸು ಹೊರಟಾಗ ಕಿಟಕಿ ಹಿಡಿದು, ನಿನ್ನೆಯಿಂದ ಆಡಲಾಗದ ಮಾತನ್ನು ಕೊನೆಗೂ ಆಡಿದಳು:

“ನನಗೆ ಒಡಹುಟ್ಟಿದೋರು ಇಲ್ಲ ಕಣಪ್ಪ. ವರ್ಷಕ್ಕೊಂದ್ಸಲ ಬತ್ತಾ ಇರು.”

“ಬತ್ತೀನಿ ಕಣಕ್ಕ” ಎಂದ ಸಣ್ಣಯ್ಯ.