ಕೊಬ್ಬರಿ ಹರಿದವರು, ಹೋರಿ ಹಿಡಿದವರು

ಬಸವಣ್ಣೆಪ್ಪ ಮಾಸ್ತರರಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಕಾಲೇಜಿನ ಕಬಡ್ಡಿ ತಂಡಕ್ಕೆ ತಾವೇ ಆರಿಸಿದ ಹುಡುಗರನ್ನು ಏಳೆಂಟು ವರ್ಷದ ಮೇಲೆ ಅವರವರ ಊರಿಗೇ ಹುಡುಕಿಕೊಂಡು ಹೋಗಿ ನೋಡಿ ಬರುವುದು. ಆಯ್ಕೆ ಮುಗಿದ ವಾರದಲ್ಲೇ ‘ಈ ಸಲದ ಬ್ಯಾಚು ಭಾಳ ಚಲೋ ಬಂದೈತಿ’ ಎಂದು ಹಾನಗಲ್ಲಿನ ಚಹಾದಂಗಡಿಯಲ್ಲಿ ತೀರ್ಪು ಕೊಡುವವರನ್ನು ಅವರು ನಂಬುತ್ತಿರಲಿಲ್ಲ. ಬೀಜದ ಪಾಕೀಟಿನ ಮೇಲಿನ ಚಿತ್ರ ನೋಡಿ ಗೋವಿನಜೋಳದ ಇಳುವರಿ ಹೇಳಿದ ಹಾಗೆ ಅದು ಎನ್ನುತ್ತಿದ್ದರು. ರಾಶಿ ಕಣಕ್ಕೆ ಬರುವ ತನಕ ತಡೆಯಬೇಕು.

ಭಾನುವಾರ ಅವರು ಬೈಕು ಒರೆಸಲು ನಿಂತರೆ ಹೆಂಡತಿ ಸರೋಜವ್ವನಿಗೆ ವಿಷಯ ತಿಳಿಯುತ್ತಿತ್ತು.

“ಬಿತ್ತಿ ಎಂಟು ವರ್ಷ ಆತು. ಈಗ ಹೋಗಿ ಕಳೆ ತಗೀತೀರೇನ್ರಿ?”

“ಕಳೆ ತಗ್ಯಾಕಲ್ಲ. ಬೆಳಿ ಹೆಂಗ್ ಬಂದೈತಿ ನೋಡಾಕ.”

“ಬೆಳಿ ಮಂದಿ ಹೊಲದಾಗ ನಿಂತೈತಿ. ನೋಡಿ ನೀವೇನ್ ಮಾಡ್ತೀರಿ?”

ಆ ಪ್ರಶ್ನೆಗೆ ಮಾಸ್ತರರ ಬಳಿ ಯಾವತ್ತೂ ಉತ್ತರ ಇರಲಿಲ್ಲ. ಆದರೆ ಈ ಬೇಸಿಗೆಯಲ್ಲಿ ಇತ್ತು. ಮೇ ತಿಂಗಳ ಕೊನೆಗೆ ಅವರು ನಿವೃತ್ತರಾಗುವವರಿದ್ದರು. ಅವರ ಜಾಗಕ್ಕೆ ಹೊಸಬರು ಬರುವ ತನಕ ತಂಡ ನೋಡಿಕೊಳ್ಳಲು ಹಳೆಯ ಆಟಗಾರನೊಬ್ಬನನ್ನು ತರಬೇತಿಗೆ ನೇಮಿಸುವುದೆಂದು ಕಾಲೇಜಿನ ಆಡಳಿತ ಮಂಡಳಿ ಠರಾಯಿಸಿತ್ತು. ಹೆಸರನ್ನು ಮಾಸ್ತರರೇ ಹೇಳಬೇಕು. ಅವರು ಹೇಳಿದ ಒಬ್ಬನಿಗೆ ಮೈದಾನ ಸಿಗುತ್ತದೆ.

ಮಂಡಳಿಯವರ ಮನಸ್ಸು ೨೦೧೪ರ ಬ್ಯಾಚಿನ ಕಡೆಗಿತ್ತು. ವಿಶ್ವವಿದ್ಯಾಲಯದ ಕಪ್ ತಂದವರು ಅವರು. ಆದರೆ ಅವರಲ್ಲಿ ಮೂವರು ಪೊಲೀಸ್ ಇಲಾಖೆ ಸೇರಿದ್ದರು, ಒಬ್ಬ ರೈಲ್ವೆಯಲ್ಲಿದ್ದ, ಉಳಿದವರು ಆಟದ ಮಾತೆತ್ತಿದರೆ ಮೊಣಕಾಲು ತೋರಿಸುತ್ತಿದ್ದರು. ಹಾಗಾಗಿ ಮಾಸ್ತರರ ಕಣ್ಣು ೨೦೧೬ರ ಬ್ಯಾಚಿನ ಮೇಲೆ ಬಿತ್ತು. ಆರಿಸಿದಾಗ ಇಡೀ ಜಿಲ್ಲೆಯಲ್ಲಿ ಸದ್ದು ಮಾಡಿದ್ದ ಬ್ಯಾಚು ಅದು. ಎರಡು ಸಲ ಫೈನಲ್‌ಗೆ ಹೋಗಿ ಎರಡೂ ಸಲ ಸೋತಿತು. ಚಹಾದಂಗಡಿಯವರು ಅದನ್ನು ‘ಹುಸಿ ಪಟಾಕಿ’ ಎಂದು ಕರೆದು ಕೈತೊಳೆದುಕೊಂಡಿದ್ದರು.

ಮಾಸ್ತರರು ಹುಡುಗರನ್ನು ಹುಡುಕುತ್ತಿದ್ದ ರೀತಿ ಬೇರೆ ಕಾಲೇಜಿನವರ ಹಾಗಲ್ಲ. ದೀಪಾವಳಿ ಮುಗಿಯುತ್ತಿದ್ದಂತೆ ಈ ಭಾಗದ ಊರೂರಲ್ಲಿ ಹೋರಿ ಬೆದರಿಸುವ ಸ್ಪರ್ಧೆ ನಡೆಯುತ್ತದೆ. ಕೊಬ್ಬರಿ ಸರ, ಬಲೂನು, ಬಣ್ಣದ ಜೂಲ ಹೊತ್ತ ಹೋರಿಯನ್ನು ಓಣಿಯಲ್ಲಿ ಬಿಡುತ್ತಾರೆ. ಅದನ್ನು ತಡೆದು ಕೊರಳಿನ ಕೊಬ್ಬರಿ ಹರಿದುಕೊಂಡವನ ಹೆಸರು ಮೈಕಿನಲ್ಲಿ ಬರುತ್ತದೆ. ಮಾಸ್ತರರು ಯಾರದೋ ಮಾಳಿಗೆ ಹತ್ತಿ ಕುಳಿತು ಆ ಹೆಸರುಗಳಿಗೆ ಕಿವಿಗೊಡುತ್ತಿದ್ದರು. ಬಿಟ್ಟ ಹೋರಿಗೆ ಅಂಜದವನು ಕಬಡ್ಡಿಯಲ್ಲಿ ಯಾರಿಗೆ ಅಂಜುತ್ತಾನೆ? ಜೂನ್ ಬಂದಾಗ ಆ ಹುಡುಗರಿಗೆಲ್ಲ ಆಯ್ಕೆಗೆ ಬರಲು ಹೇಳಿ ಕಳಿಸುತ್ತಿದ್ದರು.

ಹಾಗೆ ಮೈಕಿನಲ್ಲಿ ಮತ್ತೆಮತ್ತೆ ಬಂದ ಹೆಸರು ಬಂಕಾಪುರದ ಲೋಹಿತನದು. ೨೦೧೬ರಲ್ಲಿ ಅವನನ್ನು ಮೊದಲು ಆರಿಸಿದರು. ಆಯ್ಕೆಯ ದಿನ ಏಳೇಳು ಮಂದಿಯ ಆಟ ಆಡಿಸಲು ಒಬ್ಬ ಕಡಿಮೆ ಬಿದ್ದ. ಬಿ.ಎ.ಗೆ ಹೆಸರು ಹಚ್ಚಲು ಬಂದಿದ್ದ ಚಿಕ್ಕೇರೂರಿನ ದುರ್ಗೇಶ ಅಲ್ಲೇ ಹಾದು ಹೋಗುತ್ತಿದ್ದ. ಲೋಹಿತನೇ ಅವನನ್ನು ಕೈಮಾಡಿ ಕರೆದ. ದುರ್ಗೇಶ ಎಡ ಮೂಲೆಯಲ್ಲಿ ನಿಂತ, ಮೂರು ವರ್ಷ ಅಲ್ಲೇ ಉಳಿದ. ಲೋಹಿತ ಅವನನ್ನೇ ಯಾಕೆ ಕರೆದ ಎಂದು ಮಾಸ್ತರರು ಆಗ ಕೇಳಿರಲಿಲ್ಲ.

ಈ ಸಲ ಅವರು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುವುದೆಂದು ನಿಶ್ಚಯಿಸಿದರು. ನಾಳೆ ಒಂದು ಪಂದ್ಯವಿದ್ದರೆ, ಹಳೆಯ ಜೊತೆಗಾರರಲ್ಲಿ ಮೊದಲು ಯಾರನ್ನು ಕರೆಯುತ್ತೀ?

ಮೊದಲು ಬಂಕಾಪುರ. ಲೋಹಿತನ ಮೊಬೈಲ್ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಅವನು ಒಡೆದ ಫೋನೊಂದರ ಗಾಜು ಎಬ್ಬಿಸುತ್ತ ಕುಳಿತಿದ್ದ. ಮೈ ಸ್ವಲ್ಪ ಬಂದಿತ್ತು, ನಗು ಹಳೆಯದೇ. ತರಬೇತಿಯ ಕೆಲಸ ಬೇಕೆಂದು ಅವನು ಆಗಲೇ ಎರಡು ಸಲ ಫೋನು ಮಾಡಿದ್ದ.

“ಬರ್ರಿ ಸರ್ರ, ಕುಂತ್ರಿ. ಪರೀಕ್ಷಾ ತಗೊಳ್ಳಾಕ ಬಂದೀರಿ, ಹೌದಿಲ್ರಿ?”

“ಒಂದ ಪ್ರಶ್ನೆ ಐತಿ,” ಎಂದು ಮಾಸ್ತರರು ಕೇಳಿದರು.

ಲೋಹಿತ ಯೋಚಿಸಲೇ ಇಲ್ಲ. “ದುರ್ಗ್ಯಾನ್ನ. ಮತ್ಯಾರನ್ನ ಕರೀಲ್ರಿ?”

“ಅಂವ ತಂಡಕ್ಕ ಬಂದದ್ದ ಲೆಕ್ಕ ತುಂಬಸಾಕ.”

“ನೀವು ಹಂಗ ತಿಳಕೊಂಡೀರಿ.” ಲೋಹಿತ ಫೋನು ಕೆಳಗಿಟ್ಟ. “ಆ ದೀಪಾವಳಿ ಮೈಕಿನ್ಯಾಗ ನನ್ನ ಹೆಸರು ಕೇಳಿದ್ರಲ್ಲ, ಹೋರಿ ಯಾರು ಹಿಡಿದಿದ್ರು ನೋಡಿದ್ರೇನು? ಹೋರಿ ನಿಂತ್ರನ ಕೊಬ್ಬರಿ, ಸರ್ರ. ಇಣಿ ಹಿಡದು ಜೋತುಬಿದ್ದಾಂವ ದುರ್ಗ್ಯಾ. ಹರಕೊಂಡು ಓಡಿದಾಂವ ನಾ. ಮಾಳಗಿ ಮ್ಯಾಲಿಂದ ನಿಮ್ಗ ಬಲೂನ ಅಷ್ಟ ಕಂಡಿರಬೇಕು.”

ನಿಜವಾಗಿ ಮಾಸ್ತರರಿಗೆ ನೆನಪಿದ್ದದ್ದು ಬಲೂನು ಮತ್ತು ಮೈಕಿನ ದನಿ ಮಾತ್ರ. ಹೋರಿಯ ಇಣಿಗೆ, ಆ ಭುಜದ ಡುಬ್ಬಕ್ಕೆ, ಜೋತುಬಿದ್ದವರ ಮುಖ ಅವರು ಒಂದು ವರ್ಷವೂ ನೋಡಿರಲಿಲ್ಲ. ಹೋರಿ ನಿಂತ ಮೇಲೆ ಹಿಡಿದವರು ಧೂಳಿನೊಳಗೇ ಉಳಿದುಬಿಡುತ್ತಿದ್ದರು.

“ಇದನ್ನ ನೀ ಆವಾಗ ಹೇಳಲಿಲ್ಲ.”

“ನೀವು ಕೇಳಲಿಲ್ಲ.” ಅವನು ನಕ್ಕ. ಬಾಗಿಲ ತನಕ ಬಂದು ಬೈಕಿನ ಹ್ಯಾಂಡಲ್ ಹಿಡಿದು ಮೆಲ್ಲಗೆ ಹೇಳಿದ, “ಇದೆಲ್ಲ ಖರೆ ಐತಿ. ಆದ್ರೂ ಹೆಸರು ಮಾತ್ರ ನಂದ ಹೇಳ್ರಿ, ಸರ್ರ. ಈ ಅಂಗಡ್ಯಾಗ ದಿನಾ ಕುಂತು ಕುಂತು ಬ್ಯಾಸರಾಗೈತಿ.”

ಅದು ಚೇಷ್ಟೆಯಲ್ಲವೆಂದು ಮಾಸ್ತರರಿಗೆ ತಿಳಿಯಿತು.

ಅಲ್ಲಿಂದ ಸವಣೂರಿಗೆ ಹೋದರು. ಅದೇ ಬ್ಯಾಚಿನ ಮಜೀದ ತನ್ನ ಅಂಗಡಿಯಲ್ಲಿ ಕಡಲೆಹಿಟ್ಟಿನ ಖಾರ ಕರಿಯುತ್ತಿದ್ದ. ಎಣ್ಣೆಯಲ್ಲಿ ಜಾಲರಿ ಸಟ್ಟುಗ ಆಡಿಸುತ್ತಲೇ ಪ್ರಶ್ನೆ ಕೇಳಿಸಿಕೊಂಡ.

“ದುರ್ಗೇಶನ್ನ ಕರೀತೇನ್ರಿ. ಅಂವ ಮೂಲ್ಯಾಗ ಇದ್ರ ನಾ ನಡುವ ಕಣ್ಣು ಮುಚ್ಚಿ ನಿಂದ್ರತೇನಿ.”

ಮಾಸ್ತರರು ಹೋರಿಯ ವಿಷಯ ಹೇಳಿದರು. ಇಷ್ಟು ವರ್ಷ ತಾವು ಕೊಬ್ಬರಿ ಹರಿದವರನ್ನು ಆರಿಸುತ್ತ, ಹೋರಿ ಹಿಡಿದವರನ್ನು ಬಿಡುತ್ತ ಬಂದಿರಬೇಕು ಎಂದರು. ಹಾಗಾದರೆ ೨೦೧೬ರ ತಂಡ ಯಾಕೆ ಸೋತಿತೆಂಬುದು ಗೊತ್ತಾದಂತೆಯೇ.

ಮಜೀದ ಒಂದು ಹಿಡಿ ಬಿಸಿ ಖಾರವನ್ನು ಕಾಗದದ ಮೇಲೆ ಹಾಕಿ ಮುಂದಿಟ್ಟ. “ಸರ್ರ, ಸಾವಕಾಶ. ಕಪ್ ತಂದ ಬ್ಯಾಚಿನವರನ್ನ ಎಲ್ಲಿ ಹುಡುಕಿದ್ರಿ?”

“ಅಲ್ಲೇ. ಹೋರಿ ಓಡ್ಸೋ ಕಡೆ.”

“ಅವ್ರೂ ಕೊಬ್ಬರಿ ಹರಿದವ್ರ ಅಲ್ರೀ? ಅವ್ರು ಹೆಂಗ ಗೆದ್ರು?”

ಮಾಸ್ತರರ ಕೈ ಖಾರದ ಮೇಲೇ ನಿಂತಿತು. ಬಂಕಾಪುರದಿಂದ ಸವಣೂರಿನ ತನಕ ಬೈಕಿನ ಮೇಲೆ ಕಟ್ಟಿಕೊಂಡು ಬಂದ ಸಿದ್ಧಾಂತ ಒಂದು ಹಿಡಿ ಖಾರದ ಮುಂದೆ ಕುಸಿದುಹೋಗಿತ್ತು. ಅವರಿಗೆ ಬೇಸರವಾಗಲಿಲ್ಲ, ಕುತೂಹಲ ಹೆಚ್ಚಿತು.

“ನಾವು ಸೋತದ್ದಕ್ಕ ಕಾರಣ ಹುಡುಕಬ್ಯಾಡ್ರಿ,” ಎಂದ ಮಜೀದ. “ಆವತ್ತು ಆ ಕಡೆಯವ್ರು ಚಲೋ ಆಡಿದ್ರು. ಆದ್ರ ಒಂದು ಮಾತು. ದುರ್ಗೇಶಗ ದೊಡ್ಡವರ ಮುಂದ ಬಾಯಿ ಬರೂದಿಲ್ಲ. ನಿಮ್ಮ ಮಂಡಳಿಯವ್ರು ಕರೆದು ಕೂಡ್ರಿಸಿದ್ರ ನೆಲಾ ನೋಡ್ತಾನ. ಲೋಹಿತ ಹಂಗಲ್ಲ, ಅವ್ರ ಕಡೆಯಿಂದ ಕಬಡ್ಡಿ ಮ್ಯಾಟನೂ ಕೊಡಿಸಿಕೊಂಡಾನು.”

ಚಿಕ್ಕೇರೂರು ಮುಟ್ಟುವಾಗ ಬಿಸಿಲು ಇಳಿದಿತ್ತು. ದುರ್ಗೇಶ ಟ್ರ್ಯಾಕ್ಟರ್ ಓಡಿಸುತ್ತಾನೆ, ಸುಗ್ಗಿಯಲ್ಲಿ ಗೋವಿನಜೋಳ ಒಕ್ಕುವ ಯಂತ್ರದ ಜೊತೆ ಊರೂರು ತಿರುಗುತ್ತಾನೆ ಎಂದು ಮಾಸ್ತರರಿಗೆ ಗೊತ್ತಿತ್ತು. ಮನೆಯಲ್ಲಿ ಅವನಿರಲಿಲ್ಲ. ಅವನ ಹೆಂಡತಿ ವಿದ್ಯಾಶ್ರೀ ಅವರನ್ನು ಶಾಲೆಯ ಹಿಂದಿನ ಬಯಲಿಗೆ ಕರೆದೊಯ್ದಳು.

“ನೀವು ಬರ್ತೀರಿ ಅಂತ ಲೋಹಿತಣ್ಣ ಫೋನ್ ಮಾಡಿದಾಗಿಂದ ಅಂಗಿ ಇಸ್ತ್ರಿ ಮಾಡಿಟ್ಟಾರ್ರಿ,” ಎಂದಳು. “ಈಗ ನೋಡ್ರಿ, ಹರಕ ಬನೀನದಾಗ ನಿಂತಾರ.”

ಲೋಹಿತನೇ ಸುದ್ದಿ ಮುಟ್ಟಿಸಿದ್ದ. ಮಾಸ್ತರರು ಅದನ್ನು ಮನಸ್ಸಿನಲ್ಲಿಟ್ಟುಕೊಂಡರು.

ನೀರು ಹೊಡೆದು ಮೆತ್ತಗೆ ಮಾಡಿದ ಮಣ್ಣಿನಲ್ಲಿ ಊರಿನ ಹುಡುಗಿಯರು ಆಡುತ್ತಿದ್ದರು. ರೇಡಿಗೆ ಬಂದವಳನ್ನು ನಾಲ್ವರು ಕೂಡಿ ಕೆಡವಿದರು. ದುರ್ಗೇಶ ಸೀಟಿ ಊದಿದ. ಅಂಕ ಕೂಗಲಿಲ್ಲ.

“ಮೊದಲು ಯಾರ ಕೈ ಹತ್ತಿತು?”

ಕೆಡವಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಳಗೆ ಬಿದ್ದಿದ್ದ ರೇಡಿನ ಹುಡುಗಿ ಮಣ್ಣು ಝಾಡಿಸಿಕೊಳ್ಳುತ್ತ, “ಪೂಜಾಂದು. ಕಾಲು ಹಿಡದ್ಲು, ಬಿಡಲಿಲ್ಲ,” ಎಂದಳು. ದುರ್ಗೇಶ ಪೂಜಾಳ ಹೆಸರನ್ನು ದೊಡ್ಡದಾಗಿ ಕೂಗಿ ಅಂಕ ಕೊಟ್ಟ. ಪ್ರತಿ ಸಲವೂ ಹೀಗೇ. ಹಿಡಿದವರು ಯಾರೆಂದು ಸಿಕ್ಕಿಬಿದ್ದವರೇ ಹೇಳಬೇಕು. ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ.

ಮಾಸ್ತರರು ಎಷ್ಟೋ ಹೊತ್ತು ನಿಂತು ನೋಡಿದರು. ಆಟ ಮುಗಿದ ಮೇಲೆ ಕೇಳಿದರು. “ನಾಳೆ ಮ್ಯಾಚ್ ಐತಿ ಅಂದ್ರ ಯಾರನ್ನ ಕರೀತೀ?”

ದುರ್ಗೇಶ ನೆಲ ನೋಡಿದ. “ಲೋಹಿತನ್ನ ಕರೀತೇನ್ರಿ.”

“ಯಾಕ? ಫೈನಲ್‌ನ್ಯಾಗ ಕಡೀ ರೇಡ್ ಸೋತಾಂವ ಅವನ.”

“ಓಡಾಂವ ಇಲ್ಲಂದ್ರ ಹಿಡಿಯಾಂವ ಏನ್ ಮಾಡ್ಬೇಕ್ರಿ, ಸರ್ರ? ಮತ್ತ ನನ್ನ ಆಟಕ್ಕ ಕರೆದಾಂವ ಅವನ. ಮೈಕಿನ್ಯಾಗ ಅಲ್ಲ, ಖರೇನ ಕರೆದಾಂವ.”

“ಕೆಲಸ ನಿನಗ ಬೇಕೋ ಬ್ಯಾಡೋ?”

ದುರ್ಗೇಶ ಸೀಟಿಯ ದಾರವನ್ನು ಬೆರಳಿಗೆ ಸುತ್ತತೊಡಗಿದ. ಹಿಂದಿನಿಂದ ವಿದ್ಯಾಶ್ರೀ, “ಬೇಕ್ರಿ. ಆ ಇಸ್ತ್ರಿ ಅಂಗಿ ತರಲೇನು, ಅದ ಹೇಳ್ತೈತಿ,” ಎಂದಳು. ದುರ್ಗೇಶ ತಲೆ ಎತ್ತಿ ನಕ್ಕ. “ಬೇಕ್ರಿ, ಸರ್ರ,” ಎಂದ.

ಮಂಡಳಿಯ ಸಭೆಯಲ್ಲಿ ಮಾಸ್ತರರು ದುರ್ಗೇಶನ ಹೆಸರು ಹೇಳಿದರು. ಅವನು ಗೆದ್ದ ಕಪ್ ಯಾವುದೆಂದು ಅಧ್ಯಕ್ಷರು ಕೇಳಿದರು. ಯಾವುದೂ ಇಲ್ಲ ಎಂದು ಮಾಸ್ತರರು ಒಪ್ಪಿಕೊಂಡರು. ಕೂಡ ಆಡಿದವರನ್ನು ಕೇಳಿ ಬಂದಿದ್ದೇನೆ, ಮುಂದಿನದಕ್ಕೆ ಹೊಣೆ ನನ್ನದು ಎಂದರು. ಮೂವತ್ತು ವರ್ಷ ಮಾಸ್ತರರು ಮಂಡಳಿಯ ಬಳಿ ಏನನ್ನೂ ಕೇಳಿದವರಲ್ಲ, ಹಾಗಾಗಿ ಹೆಸರು ಪಾಸಾಯಿತು. ಬಂಕಾಪುರಕ್ಕೆ ಫೋನು ಮಾಡಿದ್ದೂ ಅವರೇ. ಆ ಕಡೆಯಿಂದ ಲೋಹಿತ, “ಪರೀಕ್ಷಾದಾಗ ಖರೆ ಬರದ್ರ ನಪಾಸ ಆಗ್ತಾರ ಅಂತ ಇವತ್ತ ಗೊತ್ತಾತು, ಸರ್ರ,” ಎಂದ. ಆಮೇಲೆ ಆಯ್ಕೆ ಯಾವತ್ತು ಎಂದು ವಿಚಾರಿಸಿದ.

ಜೂನ್‌ನ ಆಯ್ಕೆಗೆ ಅವನು ಬಂಕಾಪುರದ ಹುಡುಗರನ್ನು ಕರೆದುಕೊಂಡೇ ಬಂದ. ಮಾಸ್ತರರು ಬೇವಿನ ಕೆಳಗೆ ಕುರ್ಚಿ ಹಾಕಿಸಿಕೊಂಡು ಕುಳಿತರು. ದುರ್ಗೇಶ ಇಸ್ತ್ರಿ ಅಂಗಿಯಲ್ಲಿದ್ದ. ಬಂದ ಹುಡುಗರಿಗೆ ಅವನು ಕೇಳಿದ್ದು ಒಂದೇ, ಹೋರಿ ಹಿಡಿಯುವಾಗ ನಿನ್ನ ಕೂಡ ಇನ್ಯಾರು ಇದ್ದರು? ಕೆಲವರು ನಾಲ್ಕೈದು ಹೆಸರು ಹೇಳಿದರು. ಅವರಲ್ಲಿ ಹೆಚ್ಚಿನವರು ತಂಡ ಸೇರಿದರು. ಶಿಗ್ಗಾವಿಯ ಕಡೆಯ ರೆಹಾನ ಎಂಬವನು ಮಾತ್ರ, “ಯಾರೂ ಇಲ್ರಿ, ನಾನೊಬ್ಬನ,” ಎಂದ. ಆಟಕ್ಕೆ ಇಳಿದಾಗ ಅವನನ್ನು ಮುಟ್ಟಲು ಯಾರಿಗೂ ಆಗಲಿಲ್ಲ. ದುರ್ಗೇಶ ಅವನನ್ನೂ ತೆಗೆದುಕೊಂಡ.

“ಇವನ್ನ ಯಾಕ?” ಎಂದರು ಮಾಸ್ತರರು.

ದುರ್ಗೇಶ ಗೆರೆಯ ಆಚೆ ನಿಂತ ಲೋಹಿತನ ಕಡೆ ಕಣ್ಣು ಹಾಯಿಸಿದ. “ಅಂಥಾವನೂ ಒಬ್ಬ ಬೇಕ್ರಿ. ಉಳಿದವ್ರ ಹೆಸರು ಹೇಳೂದು ಆಮ್ಯಾಲ ಕಲೀತಾನ. ಇಲ್ಲಾ, ಕಲೀದನೂ ಇರಬಹುದು.”

ಅದು ಸರಿಯೋ ತಪ್ಪೋ ಮಾಸ್ತರರಿಗೆ ತಿಳಿಯಲಿಲ್ಲ. ತಿಳಿಯುವ ಆಸೆ ಮಾತ್ರ ಬಲವಾಗಿ ಹುಟ್ಟಿತು. ಸಂಜೆ ಮನೆಗೆ ಬಂದವರು ಬೈಕಿನ ಹಿಂದಿನ ಗಾಲಿಯನ್ನು ಒತ್ತಿ ನೋಡಿದರು. ಟಯರ್ ನುಣ್ಣಗಾಗಿತ್ತು.

“ಬ್ಯಾಚ್ ಹೆಂಗೈತ್ರಿ?” ಎಂದಳು ಸರೋಜವ್ವ ಕಟ್ಟೆಯಿಂದಲೇ.

“ಈಗ ಹೆಂಗ ಹೇಳೂದು?”

“ಅಂದ್ರ ಇನ್ನ ಎಂಟು ವರ್ಷ ಬಿಟ್ಟು ಮತ್ತ ಊರೂರು ತಿರಗವ್ರು ನೀವು.” ಅವಳು ಹಸನು ಮಾಡುತ್ತಿದ್ದ ಅಕ್ಕಿಯ ಮೊರವನ್ನು ಪಕ್ಕಕ್ಕಿಟ್ಟಳು. “ಆವಾಗ ಹಿಂದಿನ ಸೀಟಿನ್ಯಾಗ ನಾನೂ ಬರ್ತೇನಿ. ಟಯರು ಚಲೋದು ಹಾಕಸ್ರಿ.”